ಖಾಲಿ ಬೋಟಿನ ಅಳತೆ

ಸಮುದ್ರವು ಮರವಂತೆಯ ಹೆದ್ದಾರಿಯನ್ನು ನುಂಗಿ ನೀರು ಕುಡಿದು ಹದಿನೆಂಟು ವರ್ಷವಾಗಿತ್ತು. ದಡ ಎಂಬುದು ಸರಿಯುತ್ತ ಸರಿಯುತ್ತ ಗುಡ್ಡದ ಬುಡಕ್ಕೆ ಬಂದು ನಿಂತಿತ್ತು. ಗುಡ್ಡದ ಮೇಲೆ ಜಾಗ ಸಿಕ್ಕವರು ಪುಣ್ಯವಂತರು. ಸಿಗದವರಿಗೆ ಸರಕಾರ ಒಂದು ಉಪಾಯ ಹುಡುಕಿತ್ತು. ನೆಲ ಇಲ್ಲದಿದ್ದರೇನು, ನೀರಿಗೇನು ಬರವೇ? ಮನೆಗೊಂದು ಮೋಟಾರು ಬೋಟು. ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ, ಅದರಲ್ಲೇ ಬಾಣಂತನ. ಈ ಕೆಲಸಕ್ಕೆಂದೇ ಜಲವಸತಿ ಮಂಡಳಿ ಎಂಬ ಹೊಸ ಇಲಾಖೆ ಹುಟ್ಟಿಕೊಂಡಿತು. ಬೋಟು ಆರಿಸಿಕೊಳ್ಳುವ ಸ್ವಾತಂತ್ರ್ಯ ಪೂರ್ತಿ ಜನರದ್ದೇ ಎಂದು ಮಂಡಳಿ ಊರೂರಿಗೆ ಮೈಕು ಕಟ್ಟಿಕೊಂಡು ಸಾರಿತು. ಇಲಾಖೆಯವರು 'ನೀವೇ ಆರಿಸಿಕೊಳ್ಳಿ' ಎಂದಾಗಲೇ ಎದೆ ಧಸಕ್ಕೆನ್ನಬೇಕಿತ್ತು. ಯಾರಿಗೂ ಅನ್ನಲಿಲ್ಲ.

ಆರಿಸುವ ನಿಯಮ ಸರಳ. ಯಾವ ಬೋಟು ಎಷ್ಟು ಎಣ್ಣೆ ಕುಡಿಯುತ್ತದೆ ಎಂದು ಮಂಡಳಿಯ ಪ್ರಯೋಗಾಲಯ ಅಳೆದು ಬರೆದಿಡುತ್ತದೆ. ಅಳತೆಗೆ ತಕ್ಕಷ್ಟೇ ಡೀಸೆಲು ತಿಂಗಳಿಗೆ ಸಿಗುತ್ತದೆ. ಹೆಚ್ಚು ಕುಡಿಯುವ ಬೋಟಿಗೆ ಹೆಚ್ಚು ಡೀಸೆಲು ಸಿಕ್ಕರೂ ಅದನ್ನು ಕಟ್ಟಲು ಜಾಗ ಕೊಡುವುದು ಅಲೆ ಹೊಡೆಯುವ ಅಳಿವೆಯ ಬಾಯಲ್ಲಿ. ಮಿತವಾಗಿ ಕುಡಿಯುವ ಬೋಟಿಗೆ ಹೊಳೆಯ ಒಳಗೆ, ನೆಮ್ಮದಿಯ ಜಾಗ. ಇನ್ನು ಪ್ರತಿ ಬೋಟಿನಲ್ಲೂ ಸೀಲು ಹಾಕಿದ ಒಂದು ಮೀಸಲು ಟ್ಯಾಂಕು. ಚಂಡಮಾರುತದ ಸೈರನ್ ಕೂಗಿದರೆ ಸೀಲು ತಾನೇ ಬಿಚ್ಚಿಕೊಳ್ಳುತ್ತದೆ. ಆಗ ಎಲ್ಲರೂ ಪ್ರವಾಹಕ್ಕೆದುರಾಗಿ ಇಪ್ಪತ್ತು ಕಿಲೋಮೀಟರು ಹೊಳೆ ಹತ್ತಿ, ಎರಡು ಗುಡ್ಡಗಳ ನಡುವಿನ ಆಸರೆಕಟ್ಟೆಗೆ ಹೋಗಿ ಸೇರಬೇಕು. ಮೀಸಲು ಟ್ಯಾಂಕಿನಲ್ಲಿ ಎಷ್ಟಿರಬೇಕು ಎಂಬುದೂ ಪ್ರಯೋಗಾಲಯದ ಅಳತೆಯಿಂದಲೇ ತೀರ್ಮಾನ.

ಆ ಅಳತೆಯನ್ನು ಮಾಡುತ್ತಿದ್ದವಳು ಶ್ರಾವ್ಯಾ. ಮೊಗವೀರರ ಹುಡುಗಿ, ಕಷ್ಟಪಟ್ಟು ಓದಿ ಇಂಜಿನಿಯರಾದವಳು. ಅವಳ ಅಪ್ಪ ಸುಕೇಶ ನಲವತ್ತು ವರ್ಷ ಮೀನಿನ ಬೋಟು ನಡೆಸಿದ ತಾಂಡೇಲ. ಸುಕೇಶ ಎಂದು ಹೆಸರಿಟ್ಟುಕೊಂಡ ಆ ಮನುಷ್ಯನ ತಲೆಯಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ಅದನ್ನು ಹೇಳಿ ಮೊದಲು ನಗುತ್ತಿದ್ದವರು ಅವರೇ. ಹೆಂಡತಿಯನ್ನು ಕಳೆದುಕೊಂಡಿದ್ದ ಅವರು, ಕಡಲು ಮನೆ ತಿಂದ ಮೇಲೆ ಏಳು ವರ್ಷ ಶಾಲೆಯೊಂದರ ಜಗಲಿಯಲ್ಲಿ ದಿನ ದೂಡಿದ್ದರು. ಮಗಳಿಗೆ ಗುಡ್ಡದ ಮೇಲೆ ಮಂಡಳಿಯ ಕ್ವಾರ್ಟರ್ಸ್ ಇತ್ತು, ನಿಜ. ಒಂದೇ ಕೋಣೆ, ನೌಕರರಿಗೆ ಮಾತ್ರ. ಅಪ್ಪನನ್ನು ಇಟ್ಟುಕೊಂಡರೆ ಅದೂ ಹೋಗುತ್ತಿತ್ತು.

ಹೀಗಿರುವಾಗ ಸುಕೇಶರ ಸರದಿ ಬಂತು. ಅಪ್ಪ ಮಗಳು ಬೋಟು ಆರಿಸಲು ಮಂಡಳಿಯ ಅಂಗಳಕ್ಕೆ ಹೋದರು. ಸಾಲಾಗಿ ನಿಲ್ಲಿಸಿದ್ದ ಬೋಟುಗಳಲ್ಲಿ ಸುಕೇಶರ ಕಣ್ಣು ಬಿದ್ದದ್ದು ಗಜ-೪ರ ಮೇಲೆ. ಡೊಳ್ಳು ಹೊಟ್ಟೆಯ, ಮೊಂಡು ಮೂಗಿನ ಬೋಟು. ಶ್ರಾವ್ಯಾ ಅವರ ಕೈ ಹಿಡಿದೆಳೆದು ಹಂಸ-೯ರ ಮುಂದೆ ನಿಲ್ಲಿಸಿದಳು. ಉದ್ದನೆಯ ತೆಳು ಮೈ, ಬೆಳ್ಳಗೆ ಮಿರುಗುತ್ತಿತ್ತು.

"ಅಪ್ಪಯ್ಯ, ಗಜ ಕುಡಿಯೂದ್ರಲ್ಲಿ ಅರ್ಧವೂ ಇದ್ ಕುಡಿಯೂದಿಲ್ಲೆ. ನಾನೇ ಅಳ್ದದ್, ಕಾಣಿ. ನನ್ನ ಸಹಿ ಇತ್ತ್ ಇಲ್ಲಿ."

ಸುಕೇಶರು ಬೋಟಿನ ಗೋಡೆಗೆ ಅಂಟಿಸಿದ್ದ ಪ್ರಮಾಣಪತ್ರದ ಸಹಿಯನ್ನು ನೋಡಲಿಲ್ಲ. ಬೋಟಿನ ಪಕ್ಕೆಯನ್ನು ಕೈಯಿಂದ ಸವರಿದರು, ಬಗ್ಗಿ ಅಡಿಯನ್ನು ನೋಡಿದರು. ಅವರ ಕಾಲದಲ್ಲಿ ಹೊಸ ಬೋಟು ಕೊಳ್ಳುವ ಮೊದಲು ತಾಂಡೇಲನಾದವನು ಅದಕ್ಕೆ ಬಲೆ, ಮಂಜುಗಡ್ಡೆ, ಇಪ್ಪತ್ತು ಗಟ್ಟಿ ಗಂಡಸರನ್ನು ಹೇರಿ ಅಳಿವೆಯಾಚೆ ಒಂದು ಸುತ್ತು ಹೊಡೆಸಿ ತರುತ್ತಿದ್ದ. ಖಾಲಿ ಬೋಟನ್ನು ಓಡಿಸಿ ನೋಡಿ ಕೊಂಡವನನ್ನು ದಡದ ಹೆಂಗಸರು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು.

"ಮನಿ ತುಂಬ್ಸಿ ಅಳ್ದಿದ್ಯಾ ಹೆಣೆ?" ಎಂದು ಕೇಳಿದರು.

"ಎಂತ ಮನಿ?"

"ಮಂಚ, ನೀರಿನ ಡ್ರಮ್ಮು, ನಿನ್ನ ಅಮ್ಮನ ಅರೆಯೋ ಕಲ್ಲು. ಮನಿ ಅಂದ್ರೆ ಮತ್ತೆಂತ?"

ಶ್ರಾವ್ಯಾಳಿಗೆ ನಗು ಬಂತು. "ಎಲ್ಲ ಬೋಟ್‌ಗೂ ಒಂದೇ ನಮೂನಿ ಪರೀಕ್ಷೆ ಅಪ್ಪಯ್ಯ. ಖಾಲಿ ಬೋಟಿಗೆ ಖಾಲಿ ಬೋಟೇ ಹೋಲಿಕೆ. ನೀವ್ ಸುಮ್ನೆ ತಲೆ ಕೆಡಿಸ್ಕೊಣ್ಬೇಡಿ."

"ಸರಿ ಮಾರಾಯ್ತಿ, ಓದಿದವ್ಳ್ ನೀನ್," ಎಂದು ಸುಕೇಶರು ಹೆಬ್ಬೆಟ್ಟು ಒತ್ತಿದರು. ಆ ಮಾತಿನಲ್ಲಿ ಕುಹಕವಿರಲಿಲ್ಲ, ಹೆಮ್ಮೆಯೇ ಇತ್ತು. ಮುಂದೆ ಎಷ್ಟೋ ದಿನ ಶ್ರಾವ್ಯಾಳನ್ನು ತಿಂದದ್ದು ಆ ಹೆಮ್ಮೆ.

ತಾಂಡೇಲರ ಮಗಳೇ ಅಳೆದ ಬೋಟಂತೆ, ತಾಂಡೇಲರೇ ತಗೊಂಡರಂತೆ ಎಂದ ಮೇಲೆ ಕೇಳಬೇಕೆ? ಸುಕೇಶರ ಊರಿನ ಎಂಬತ್ತಮೂರು ಮನೆಗಳೂ ಹಂಸವನ್ನೇ ಆರಿಸಿದವು. ಅವರಲ್ಲಿ ಸುಪ್ರೀತಕ್ಕ ಒಬ್ಬಳು. ಒಂಟಿ ಹೆಂಗಸು, ಮೀನು ಮಾರಿ ಬದುಕಿದವಳು, ಚಿಕ್ಕಂದಿನಲ್ಲಿ ಶ್ರಾವ್ಯಾಳಿಗೆ ಜಡೆ ಹಾಕಿದವಳು. ಅವಳ ಬೋಟನ್ನು ಸುಕೇಶರ ಬೋಟಿನ ಪಕ್ಕದಲ್ಲೇ ಕಟ್ಟಿದ್ದರು. ಮೊದಲ ದಿನವೇ ಬೋಟಿನ ಹೊಸ್ತಿಲಿಗೆ ರಂಗೋಲಿ ಬಿಡಿಸಿ, "ಇನ್ನ್ ನನ್ನನ್ನ ಯಾರೂ ಎಬ್ಸೂಕಾಗ," ಎಂದಿದ್ದಳು.

*

ಎರಡು ವರ್ಷ ಕಳೆಯಿತು. ಮೊದಮೊದಲು ತಿಂಗಳ ಕೊನೆಯ ತನಕ ಬರುತ್ತಿದ್ದ ಡೀಸೆಲು ಆಮೇಲಾಮೇಲೆ ಇಪ್ಪತ್ತನೇ ತಾರೀಕಿಗೇ ಮುಗಿಯತೊಡಗಿತು. ಕೊನೆಯ ಹತ್ತು ದಿನ ಜನ ಹುಟ್ಟು ಹಾಕಿಕೊಂಡು ಕುಡಿಯುವ ನೀರು ತಂದರು. ಪ್ರಯೋಗಾಲಯಕ್ಕೆ ದೂರುಗಳು ಬಂದವು. ಎಂಜಿನ್ ಸರಿಯಾಗಿ ಇಟ್ಟುಕೊಳ್ಳಿ ಎಂಬ ಅಚ್ಚು ಹಾಕಿಸಿದ ಉತ್ತರ ಎಲ್ಲರಿಗೂ ಹೋಯಿತು.

ಒಂದು ಭಾನುವಾರ ಅಪ್ಪನ ಬೋಟಿಗೆ ಹೋದ ಶ್ರಾವ್ಯಾ ಸುಮ್ಮನೆ ಕೈ ಇಳಿಬಿಟ್ಟು ಬೋಟಿನ ಅಡಿಯನ್ನು ಮುಟ್ಟಿದಳು. ಬೆರಳು ಕೊಯ್ದುಕೊಂಡಿತು. ಅಡಿಯ ತುಂಬ ಚಿಪ್ಪು ಕಚ್ಚಿ ಬೆಳೆದಿತ್ತು.

"ಮತ್ತೆ?" ಎಂದರು ಸುಕೇಶರು. "ಮೊದ್ಲಾದ್ರೆ ಮಳ್ಗಾಲದಲ್ ಬೋಟ್ ದಡಕ್ ಎಳ್ದ್, ಚಿಪ್ಪ್ ಕೆರ್ದ್, ಬಣ್ಣ ಬಳಿತಿದ್ದೋ. ಈಗ ಎಳೂಕೆ ದಡ ಎಲ್ಲಿತ್ತ್? ಎಳ್ದ್ರೂ ಅಷ್ಟ್ ದಿನ ಮಲ್ಗುದ್ ಎಲ್ಲಿ? ಮನಿ ಅಲ್ದಾ ಇದ್!"

ಮರುದಿನ ಶ್ರಾವ್ಯಾ ಪ್ರಯೋಗಾಲಯದಲ್ಲಿ ಒಂದು ಹಂಸವನ್ನು ಪರೀಕ್ಷಾ ಕೊಳಕ್ಕಿಳಿಸಿದಳು. ಮುನ್ನೂರು ಮೀಟರು ಉದ್ದದ ಆ ಕೊಳದಲ್ಲಿ ಅದುವರೆಗೆ ಓಡಿದ್ದೆಲ್ಲ ಹೊಚ್ಚ ಹೊಸ ಬೋಟುಗಳು. ನುಣ್ಣನೆಯ ಅಡಿ, ಒಳಗೆ ಚಾಲಕ ಒಬ್ಬನೇ. ಈ ಸಲ ಅವಳು ಅಡಿಗೆ ಅಂಟು ಬಳಿದು ಒರಟು ಮರಳು ಮೆತ್ತಿಸಿದಳು. ಒಳಗೆ ಮಂಚದಷ್ಟು, ಡ್ರಮ್ಮಿನಷ್ಟು, ಅರೆಯುವ ಕಲ್ಲಿನಷ್ಟು ತೂಕದ ಮರಳ ಚೀಲ ಪೇರಿಸಿದಳು. ನಿಯಂತ್ರಣ ಕೊಠಡಿಯ ಗಾಜಿನಾಚೆ ಹಂಸ ಹೊರಟಿತು. ಹೊರಟದ್ದೇ ಅದರ ಹಿಂಭಾಗ ಕುಸಿದು ನೀರಿನಲ್ಲಿ ಕೂತುಬಿಟ್ಟಿತು. ತೆಳು ಮೈಯ ಬೋಟಿನ ಗುಣವೇ ಅದು. ಹಗುರವಾಗಿದ್ದಾಗ ನೀರನ್ನು ಸೀಳಿಕೊಂಡು ಹೋಗುತ್ತದೆ, ಭಾರ ಬಿದ್ದಾಗ ನೀರನ್ನು ಎದೆಯಿಂದ ದೂಡಿಕೊಂಡು ಹೋಗಬೇಕಾಗುತ್ತದೆ. ಡೊಳ್ಳು ಹೊಟ್ಟೆಯ ಗಜವನ್ನೂ ಹಾಗೆಯೇ ತುಂಬಿಸಿ ಓಡಿಸಿದಳು. ಅದು ಖಾಲಿ ಇದ್ದಾಗ ಕುಡಿದದ್ದಕ್ಕಿಂತ ತುಸುವೇ ಹೆಚ್ಚು ಕುಡಿಯಿತು.

ಆಸರೆಕಟ್ಟೆ ಮುಟ್ಟಲು ಹಂಸಕ್ಕೆಂದು ಅವಳು ನಿಗದಿ ಮಾಡಿದ್ದ ಮೀಸಲು ಇಪ್ಪತ್ತು ಲೀಟರು. ಈಗ ಪರದೆಯ ಮೇಲೆ ಬಂದ ಅಂಕಿ ಮೂವತ್ತಾರು. ಮತ್ತೆ ಮತ್ತೆ ಓಡಿಸಿದಳು. ಅಂಕಿ ಅಲ್ಲಾಡಲಿಲ್ಲ.

ನಿರ್ದೇಶಕ ನಿಶ್ಚಲ ಸಾಹೇಬರು ಅಂಕಿಯನ್ನು ನೋಡಿದರು. ಬಯಲುಸೀಮೆಯ ಕಡೆಯವರು, ಮೆತ್ತಗೆ ಮಾತಾಡುವವರು. "ಮರಳು ಮೆತ್ತಿ ಓಡಿಸಿ ಅಂತ ನಿಯಮಾವಳಿಯಲ್ಲಿ ಎಲ್ಲಿದೆಯಮ್ಮ?"

"ಇಲ್ಲ ಸರ್. ಆದರೆ ಜನ ಇರೋದು ಹಾಗೇ ಅಲ್ವಾ?"

"ನಾಲ್ಕು ಸಾವಿರ ಹಂಸ ಕೊಟ್ಟಿದ್ದೀವಿ. ಈಗ ಅಳತೆ ತಪ್ಪು ಅಂದ್ರೆ ನಾಲ್ಕು ಸಾವಿರ ಮನೆಗೂ ಡೀಸೆಲು ಎರಡರಷ್ಟು ಮಾಡಬೇಕು. ಎಲ್ಲಿಂದ ತರೋಣ? ಮುಂದಿನ ವರ್ಷ ನಿಯಮಾವಳಿ ತಿದ್ದುಪಡಿ ಮಾಡಿಸೋಣ, ಆಯ್ತಾ? ಈ ವರ್ಷದ ಪ್ರಮಾಣಪತ್ರದ ನವೀಕರಣಕ್ಕೆ ಒಂದು ಸಹಿ ಹಾಕಿಬಿಡಿ. ಹನ್ನೊಂದು ವರ್ಷದಿಂದ ಈ ಅಳಿವೆಗೆ ಒಂದು ಚಂಡಮಾರುತ ಬಂದಿಲ್ಲ. ಈ ವರ್ಷವೇ ಬರುತ್ತಾ?"

ಸಹಿ ಹಾಕದಿದ್ದರೆ ಏನಾಗುತ್ತದೆ ಎಂದು ಅವರು ಹೇಳಲಿಲ್ಲ, ಅವಳು ಕೇಳಲಿಲ್ಲ. ಕ್ವಾರ್ಟರ್ಸಿನ ಆ ಒಂದು ಕೋಣೆ, ಅದರ ಕಿಟಕಿಯಲ್ಲಿ ಕಾಣುವ ಒಂದು ಹಿಡಿ ಒಣ ನೆಲ ಅವಳ ಕಣ್ಣ ಮುಂದೆ ಬಂತು. ಅಯ್ಯೋ, ಎಷ್ಟು ಸಣ್ಣ ಆಸೆ! ಒಂದೇ ವರ್ಷ ತಾನೇ ಎಂದುಕೊಂಡು ಸಹಿ ಹಾಕಿದಳು.

ಮುಂದಿನ ಭಾನುವಾರ ಅಪ್ಪನ ಬೋಟಿನಲ್ಲಿ ಬಂಗುಡೆ ಸಾರನ್ನು ಅವಳು ತಟ್ಟೆಯಲ್ಲೇ ಕಲಸುತ್ತ ಕೂತಳು. ಪಕ್ಕದ ಬೋಟಿನಿಂದ ಸುಪ್ರೀತಕ್ಕ ಹಣಕಿ, "ಎಂತ ಹೆಣೆ, ಸಪೂರ ಆಯ್ದೆ! ಆಫೀಸಿನಲ್ ಊಟ ಹಾಕುದಿಲ್ಯಾ?" ಎಂದು ಕರಿದ ಸಿಗಡಿ ದಾಟಿಸಿ ಹೋದಳು. ಅವಳು ಒಳಗೆ ಹೋದ ಮೇಲೆ ಶ್ರಾವ್ಯಾ ಮೆಲ್ಲಗೆ ಹೇಳಿದಳು.

"ಅಪ್ಪಯ್ಯ, ಸಾಮಾನು ಸ್ವಲ್ಪ ಕಮ್ಮಿ ಮಾಡ್ಕ್ ನೀವ್."

ಸುಕೇಶರು ತಟ್ಟೆಯಿಂದ ತಲೆಯೆತ್ತಿದರು. "ಮನಿ ತುಂಬ್ಸಿ ಅಳ್ದ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಎಷ್ಟ್ ಬೇಕಂಬ್ರ್, ಕಟ್ಟೆ ಮುಟ್ಟೂಕೆ?"

"ಮೂವತ್ತಾರ್."

"ಇಪ್ಪುದ್ ಇಪ್ಪತ್ತ್," ಎಂದರು ಸುಕೇಶರು. ಬೈಯಲಿಲ್ಲ. ಸಹಿ ಹಾಕಿದೆಯಾ ಎಂದೂ ಕೇಳಲಿಲ್ಲ. ಕೈ ತೊಳೆದು ಬಂದು ಹಳೆಯ ಕತೆಯೊಂದನ್ನು ಹೇಳಿದರು. ಆಳ ಕಡಲಲ್ಲಿ ಒಮ್ಮೆ ಎರಡು ಬೋಟುಗಳಿಗೂ ಎಣ್ಣೆ ಸಾಲದೆ ಬಂತಂತೆ. ಅಂಥ ಹೊತ್ತಿಗೆಂದೇ ಒಂದು ಪದ್ಧತಿಯಿತ್ತು. ಎರಡರ ಎಣ್ಣೆಯನ್ನೂ ಒಂದಕ್ಕೆ ಸುರಿದು, ಎಲ್ಲರೂ ಅದಕ್ಕೆ ಹತ್ತಿ, ಇನ್ನೊಂದನ್ನು ಕಡಲಿಗೆ ಬಿಟ್ಟು ಬರುವುದು. ಬಿಟ್ಟು ಬಂದವನು ಬೋಟಿನತ್ತ ತಿರುಗಿ ನೋಡಬಾರದು.

"ಆ ದಿನ ಬಿಟ್ಟದ್ ನನ್ನ್ ಬೋಟೇ," ಎಂದರು. "ನಾನ್ ತಿರ್ಗಿ ಕಂಡೆ."

*

ಚಂಡಮಾರುತ ಆ ವರ್ಷವೇ ಬಂತು. ಕಾರ್ತಿಕದ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಸೈರನ್ ಕೂಗಿತು. ಶ್ರಾವ್ಯಾ ನಿಯಂತ್ರಣ ಕೊಠಡಿಯಲ್ಲಿದ್ದಳು. ಗೋಡೆಯಷ್ಟಗಲದ ಪರದೆಯ ಮೇಲೆ ಹೊಳೆ ನೀಲಿಯಾಗಿ ಹರಿದಿತ್ತು. ಅದರ ಮೇಲೆ ಬೋಟಿಗೊಂದು ಹಸಿರು ಚುಕ್ಕಿ. ಚುಕ್ಕಿಯನ್ನು ಒತ್ತಿದರೆ ಬೋಟಿನ ಹೆಸರು ಬರುತ್ತಿತ್ತು. ಅಪ್ಪನ ಊರಿನ ಎಂಬತ್ತಮೂರು ಚುಕ್ಕಿಗಳು ಎಲ್ಲಿವೆ ಎಂದು ಅವಳಿಗೆ ಒತ್ತದೆಯೂ ಗೊತ್ತಿತ್ತು.

ಉಳಿದ ಊರುಗಳ ಬೋಟುಗಳು ಹೊರಟವು. ಅಪ್ಪನ ಊರಿನವು ಹೊರಡಲಿಲ್ಲ. "ಏನ್ ಮಾಡ್ತಿದ್ದಾರೆ ಇವರು?" ಎಂದು ನಿಶ್ಚಲ ಸಾಹೇಬರು ರೇಗಿದರು. ಶ್ರಾವ್ಯಾ ಅಪ್ಪನಿಗೆ ಫೋನು ಮಾಡಿದಳು. ಗಾಳಿಯ ಅಬ್ಬರದ ನಡುವೆ ಸುಕೇಶರು ಕೂಗುವುದು ಕೇಳಿಸಿತು, ಅವಳನ್ನಲ್ಲ, ಊರವರನ್ನು.

"ಎರ್ಡೆರ್ಡ್ ಬೋಟ್ ಜೋಡಿ ಮಾಡಿ! ಪೈಪ್ ಹಾಕಿ ಎಣ್ಣೆ ಒಂದಕ್ಕೆ ಬಿಡಿ! ಮಕ್ಳ್ ಮೊದ್ಲ್! ಮಂಚ ಬಿಸಾಡ್, ಡ್ರಮ್ ಬಿಸಾಡ್... ಹ್ವಾಯ್, ಟಿವಿ ಎಂತಕಾ ತಬ್ಕಂಡಿದ್ದೆ, ಬಿಸಾಡ್ ಅದನ್ನ!"

ಆಮೇಲೆ ಮಗಳಿಗೆ, "ಹೆಣೆ, ನಾನ್ ಆಚೆ ಬದಿ ಗಣ್ಪನ ಬೋಟಿಗೆ ಹತ್ತಿದೆ. ನಮ್ಮದ್ರ ಎಣ್ಣೆ ಅದಕ್ ಬಿಟ್ಟೆ. ಎಂಬತ್ಮೂರ್ರಲ್ ನಲ್ವತ್ತೊಂದ್ ಜೋಡಿ ಆಯ್ತ್, ಒಂದ್ ಹೆಚ್ಚ್. ಸುಪ್ರೀತ ಬತ್ತಿಲ್ಲೆ ಅಂತ್ಳ್. ನೀನಾರೂ ಹೇಳ್."

ಫೋನು ಕೈ ಬದಲಾಯಿತು. ಸುಪ್ರೀತಕ್ಕನ ದನಿ ಎಂದಿನಂತೆಯೇ ಇತ್ತು.

"ಸುಪ್ರೀತಕ್ಕ, ಅಪ್ಪಯ್ಯನ ಒಟ್ಟಿಗೆ ಹತ್ತಿ. ನಿಮ್ಮ್ ಎಣ್ಣೆ ಸಾಕಾತಿಲ್ಲೆ!"

"ಸಾಕಾತಿಲ್ಲೆ ಅಂಬವ್ರ್ ಯಾರ್? ನೀನೇ ಅಳ್ದದ್ ಅಲ್ದಾ? ಗೋಡಿ ಮೇಲೆ ನಿನ್ನ್ ಸಹಿ ಇತ್ತ್, ದಿನಾ ಕಾಂತೆ ನಾನ್."

"ತಪ್ಪ್ ಅಳ್ದೆ ಅಕ್ಕ! ನಾನ್ ತಪ್ಪ್ ಅಳ್ದೆ!"

ಕೊಠಡಿಯಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಆ ಕಡೆ ಸುಪ್ರೀತಕ್ಕ ನಕ್ಕಳು. "ಹೆದ್ರಿಕಂಡ್ ಹೀಂಗ್ ಹೇಳ್ತೆ ನೀನ್. ಒಂದ್ ಸಲ ಮನಿ ಬಿಟ್ಟ್ ಏಳ್ ವರ್ಷ ಶಾಲಿ ಜಗ್ಲಿಯಲ್ ಬಿದ್ದಿದ್ದೆ. ಇನ್ನೊಂದ್ ಸಲ ಬಿಡೂಕ್ ನನ್ನಿಂದ್ ಆತಿಲ್ಲೆ ಮಗಾ. ನನ್ನ್ ಮನಿ ನನ್ನ್ ಒಟ್ಟಿಗೇ ಬತ್ತ್."

ಸಂಪರ್ಕ ಕಡಿಯಿತು. ಪರದೆಯ ಮೇಲೆ ನಲವತ್ತೊಂದು ಚುಕ್ಕಿಗಳು ನಿಂತಲ್ಲೇ ಬೂದು ಬಣ್ಣಕ್ಕೆ ತಿರುಗಿದವು. ನಲವತ್ತೆರಡು ಚುಕ್ಕಿಗಳು ಹೊಳೆ ಹತ್ತತೊಡಗಿದವು. ಕೊನೆಯ ಚುಕ್ಕಿ ಉಳಿದವುಗಳಿಗಿಂತ ನಿಧಾನವಾಗಿತ್ತು. ಮಂಚ, ಡ್ರಮ್ಮು, ಒಲೆ, ಎಲ್ಲವನ್ನೂ ಹೊತ್ತಿತ್ತಲ್ಲ. ಶ್ರಾವ್ಯಾ ಕಿಲೋಮೀಟರು ಎಣಿಸಿದಳು. ಎಲ್ಲಿ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಲೆಕ್ಕ ಹಾಕಿಟ್ಟವಳು ಇಡೀ ಜಿಲ್ಲೆಯಲ್ಲಿ ಅವಳೊಬ್ಬಳೇ. ಏಳು, ಎಂಟು, ಒಂಬತ್ತು. ತನ್ನ ಲೆಕ್ಕ ಸುಳ್ಳಾಗಲಿ ದೇವರೇ ಎಂದು ಅವಳು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡಳು. ಹನ್ನೊಂದನೇ ಕಿಲೋಮೀಟರಿನ ತಿರುವಿನಲ್ಲಿ ಚುಕ್ಕಿ ನಿಂತಿತು. ಒಂದು ಕ್ಷಣ ಅಲ್ಲೇ ಇದ್ದು, ಆಮೇಲೆ ಪ್ರವಾಹದ ಜೊತೆಗೆ ಬಂದ ದಾರಿಯಲ್ಲೇ ವೇಗವಾಗಿ ಹಿಂದಕ್ಕೆ ಜಾರಿ, ಅಳಿವೆಯನ್ನೂ ದಾಟಿ, ಪರದೆಯ ಅಂಚಿನಲ್ಲಿ ಮಾಯವಾಯಿತು.

ಬೇರೆ ಊರುಗಳ ಚುಕ್ಕಿಗಳೂ ಅದೇ ತಿರುವಿನ ಹಿಂದು ಮುಂದು ಒಂದೊಂದಾಗಿ ನಿಲ್ಲುತ್ತಿದ್ದವು. ಅವಳು ಎಣಿಸುವುದನ್ನು ಬಿಟ್ಟಿದ್ದಳು.

*

ಮಂಡಳಿಯ ವರದಿ ಹದಿನೈದು ದಿನದಲ್ಲಿ ಸಿದ್ಧವಾಯಿತು. ನಿಶ್ಚಲ ಸಾಹೇಬರು ಶ್ರಾವ್ಯಾಳನ್ನು ಕರೆಸಿ ಕುರ್ಚಿ ತೋರಿಸಿದರು, ಚಹಾ ತರಿಸಿದರು.

"ನಿಮ್ಮ ಅಪ್ಪನ ಊರು ನಮ್ಮ ಮರ್ಯಾದೆ ಉಳಿಸಿತಮ್ಮ. ಅಲ್ಲಿಂದ ಹೊರಟ ಹಂಸಗಳು ನಲವತ್ತೆರಡು, ಕಟ್ಟೆ ಮುಟ್ಟಿದವು ನಲವತ್ತೊಂದು. ಅಂದಮೇಲೆ ಬೋಟು ಸರಿಯಾಗಿದೆ, ಅಳತೆ ಸರಿಯಾಗಿದೆ. ಬೇರೆ ಊರಿನವರ ಎಂಜಿನ್ನೇ ಕೆಟ್ಟಿರಬೇಕು."

ಶ್ರಾವ್ಯಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಪ್ಪನ್ನು ಮೇಜಿಗೆ ಕುಕ್ಕಿದಳು. "ಅವುಗಳಲ್ಲಿ ಎರಡೆರಡು ಬೋಟಿನ ಎಣ್ಣೆ ಇತ್ತು ಸರ್!"

"ದಾಖಲೆ ಎಲ್ಲಿದೆ? ಸೀಲು ಬಿಚ್ಚಿದ ಮೇಲೆ ಎಣ್ಣೆ ಅಳೆಯೋ ಮಾಪಕ ನಿಂತುಹೋಗುತ್ತೆ. ನೀವೇ ರೂಪಿಸಿದ್ದಲ್ವಾ?"

"ಜನರನ್ನು ಕೇಳಿ."

"ಜನ ನೂರು ಹೇಳ್ತಾರೆ. ಹೇಳಿದ್ದೆಲ್ಲ ದಾಖಲೆಯಾ? ಇನ್ನು, ಅಲ್ಲೇ ಬಿಟ್ಟು ಹೋದ ನಲವತ್ತೊಂದು ಬೋಟುಗಳು ಮುಳುಗಿವೆ. ಓಡುವ ಬೋಟನ್ನು ಬಿಟ್ಟು ಹೋದವರಿಗೆ ಇನ್ನೊಂದು ಬೋಟು ಕೊಡೋ ಹಾಗಿಲ್ಲ, ನಿಯಮ ಸ್ಪಷ್ಟ ಇದೆ. ಹಂಸ ತನ್ನ ಮೀಸಲಿನಲ್ಲೇ ಕಟ್ಟೆ ಮುಟ್ಟಬಲ್ಲ ಬೋಟು ಅಂತ ನೀವೊಂದು ಹೇಳಿಕೆ ಬರೆದುಕೊಟ್ಟರೆ ಕಡತ ಮುಗಿಯುತ್ತೆ."

ತನ್ನ ಅಪ್ಪ ಊರನ್ನೆಲ್ಲ ಬದುಕಿಸಿದ್ದೇ ತನ್ನ ಸುಳ್ಳಿಗೆ ಸಾಕ್ಷಿಯಾಗಿ ನಿಂತಿತ್ತು. ಆ ಸಾಕ್ಷಿಯಿಂದಲೇ ಅಪ್ಪನೂ ಸೇರಿ ನಲವತ್ತೊಂದು ಮನೆಯವರು ಬೀದಿಗೆ ಬೀಳಬೇಕು. ಇಂಥ ಚಂದದ ಲೆಕ್ಕ ಯಾವ ಪ್ರಯೋಗಾಲಯದಲ್ಲೂ ಕೂಡಿ ಬರಲಾರದು.

"ಬರೆಯೋದಿಲ್ಲ," ಎಂದಳು ಶ್ರಾವ್ಯಾ. ಅಷ್ಟು ಹೇಳುವುದಕ್ಕೆ ಅವಳಿಗೆ ಒಂದು ಸಹಿಯಷ್ಟು ತಡವಾಗಿತ್ತು. "ನನ್ನ ಅಳತೆ ತಪ್ಪು ಅಂತ ಬೇಕಾದರೆ ಬರೆದುಕೊಡ್ತೇನೆ. ಮೂವತ್ತಾರು ಅಂತ ಬರೀತೇನೆ."

ನಿಶ್ಚಲ ಸಾಹೇಬರಿಗೆ ಸಿಟ್ಟು ಬರಲಿಲ್ಲ. ಕಡತದಿಂದ ನವೀಕರಣ ಪತ್ರ ತೆಗೆದು ಮೇಜಿನ ಮೇಲಿಟ್ಟರು. "ಪರವಾಗಿಲ್ಲ. ಹೊಸ ಸಹಿ ಇದ್ದರೆ ಚೆನ್ನಾಗಿತ್ತು ಅಷ್ಟೇ. ಹಳೇದು ಸಾಕು."

*

ಕೆಲಸ ಹೋಯಿತು, ಕೆಲಸದ ಬೆನ್ನಿಗೆ ಕ್ವಾರ್ಟರ್ಸೂ ಹೋಯಿತು. ಅವಳು ತನಗೆ ಗೊತ್ತಿದ್ದ ಪತ್ರಿಕೆಗಳಿಗೆಲ್ಲ ಬರೆದಳು. ಒಂದೆರಡು ಕಡೆ ಅಚ್ಚಾಯಿತು, ಒಂದು ವಾರ ಗದ್ದಲವಾಯಿತು, ಕೆಲಸ ಕಳೆದುಕೊಂಡ ಸಿಟ್ಟಿಗೆ ಹೇಳುತ್ತಾಳೆ ಎಂದು ಮಂಡಳಿ ಉತ್ತರ ಕೊಟ್ಟಿತು, ಮುಗಿಯಿತು. ಸುಕೇಶರು ಮತ್ತೆ ಅದೇ ಶಾಲೆಯ ಜಗಲಿಗೆ ಬಂದಿದ್ದರು. ಮಗಳೂ ಅಲ್ಲಿಗೇ ಬಂದಳು. ಸುಪ್ರೀತಕ್ಕನ ಹೆಣ ಸಿಗಲಿಲ್ಲ. ಅಪ್ಪ ಮಗಳು ಅವಳ ಮಾತು ಎತ್ತುತ್ತಿರಲಿಲ್ಲ. ಎತ್ತದೆ ಇರುವುದೇ ದಿನವಿಡೀ ಅವರ ಕೆಲಸವಾಗಿತ್ತು.

ನೆಲ ಇಲ್ಲದವರು ಮೊದಲ ಸಲ ಅರ್ಜಿ ಹಾಕಿದರೆ ಬೋಟು ಕೊಡಲೇಬೇಕೆಂಬ ನಿಯಮವೂ ಇತ್ತಲ್ಲ. ಶ್ರಾವ್ಯಾಳ ಹೆಸರಿಗೆ ಬೋಟು ಮಂಜೂರಾಯಿತು. ಆರಿಸಿಕೊಳ್ಳಲು ಅಪ್ಪ ಮಗಳು ಮತ್ತೆ ಅದೇ ಅಂಗಳಕ್ಕೆ ಬಂದರು.

ಅಲ್ಲಿದ್ದ ನಡುವಯಸ್ಸಿನ ಗುಮಾಸ್ತೆ ಇವರಿಬ್ಬರನ್ನೂ ಹಿಂದೆ ನೋಡಿದವಳಲ್ಲ. ಒಳ್ಳೆಯ ಹೆಂಗಸು, ಬಿಸಿಲಲ್ಲಿ ಬಂದವರಿಗೆ ನೀರು ಕೊಟ್ಟಳು. ಸಾಲಿನ ತುಂಬ ಹಂಸಗಳೇ ನಿಂತಿದ್ದವು.

"ಗಜ ಇಲ್ಯಾ?" ಎಂದು ಕೇಳಿದಳು ಶ್ರಾವ್ಯಾ.

"ಅದನ್ನ ನಿಲ್ಸಿದ್ದಾರೆ ಮೇಡಂ, ತುಂಬಾ ಕುಡೀತದೆ ಅಂತ. ನೀವು ಹಂಸವನ್ನೇ ತಗೊಳ್ಳಿ, ಕಣ್ಣು ಮುಚ್ಚಿ ತಗೊಳ್ಳಿ. ಚಂಡಮಾರುತಕ್ಕೆ ನಲವತ್ತೊಂದು ಬೋಟು ಸಲೀಸಾಗಿ ಕಟ್ಟೆ ಮುಟ್ಟಿದ್ದು ಇದರಲ್ಲೇ. ಇದನ್ನ ಅಳೆದ ಇಂಜಿನಿಯರು ತಮ್ಮ ಸ್ವಂತ ಅಪ್ಪನಿಗೂ ಇದನ್ನೇ ಕೊಡಿಸಿದ್ರಂತೆ. ಇದಕ್ಕಿಂತ ಇನ್ನೇನು ಬೇಕು ಹೇಳಿ?"

ಶ್ರಾವ್ಯಾ ಅಪ್ಪನ ಮುಖ ನೋಡುವ ಧೈರ್ಯ ಮಾಡಲಿಲ್ಲ. ನೆಲವನ್ನೇ ನೋಡುತ್ತ ಕೇಳಿದಳು. "ಮನಿ ತುಂಬ್ಸಿ ಅಳ್ದದ್ದಾ?"

"ಎಂತ ಮೇಡಂ?"

"ಎಂತ ಇಲ್ಲೆ. ಎಲ್ಲಿ ಸಹಿ ಮಾಡ್ಕ್?"

ಗುಮಾಸ್ತೆ ಕಾಗದ ಚಾಚಿದಳು. ಶ್ರಾವ್ಯಾ ಸಹಿ ಹಾಕಿದಳು. ಕಾಗದವನ್ನು ತೆಗೆದುಕೊಂಡ ಗುಮಾಸ್ತೆ ಅದನ್ನೊಮ್ಮೆ, ಬೋಟಿನ ಗೋಡೆಗೆ ಅಂಟಿಸಿದ್ದ ಪ್ರಮಾಣಪತ್ರವನ್ನೊಮ್ಮೆ ನೋಡಿದಳು. ಎರಡರಲ್ಲೂ ಒಂದೇ ಸಹಿ. ಕೇಳಲೇಬೇಕಾದ ಕೊನೆಯ ಪ್ರಶ್ನೆಯನ್ನು ತಗ್ಗಿದ ದನಿಯಲ್ಲಿ ಕೇಳಿದಳು. "ಸಾಮಾನು ಸಾಗಿಸೋಕೆ ಗಾಡಿ ಬೇಕಾ?"

ಸುಕೇಶರು ಅಷ್ಟರಲ್ಲಿ ಬೋಟು ಹತ್ತಿ ಒಳಗೆಲ್ಲ ಒಂದು ಸುತ್ತು ಹಾಕಿ ಬಂದಿದ್ದರು. ಮಂಚವಿಲ್ಲ, ಡ್ರಮ್ಮಿಲ್ಲ, ಹೆಂಡತಿಯ ಅರೆಯುವ ಕಲ್ಲು ಅಳಿವೆಯ ತಳದಲ್ಲಿತ್ತು. ಅವರ ಕೈಯಲ್ಲಿದ್ದದ್ದು ಎರಡು ಲುಂಗಿ, ಒಂದು ಟವೆಲು ತುಂಬಿದ ಪ್ಲಾಸ್ಟಿಕ್ ಚೀಲ ಮಾತ್ರ.

"ಗಾಡಿ ಬ್ಯಾಡ," ಎಂದರು ಗುಮಾಸ್ತೆಗೆ. ಆಮೇಲೆ ಬೋಟಿನ ಅಂಚಿನಿಂದ ಕೆಳಗೆ ಬಗ್ಗಿ, ಮಗಳನ್ನು ಹತ್ತಿಸಿಕೊಳ್ಳಲು ಕೈ ನೀಡಿದರು.

"ಬಾ ಹೆಣೆ. ಈಗ ನಿನ್ನ್ ಅಳ್ತೆ ಸಮ ಆಯ್ತ್, ಕಾಣ್. ಮನಿ ಖಾಲಿ ಇತ್ತ್."